ತೀರದ ಕೆಲಸ

ಕಂಪನಿಯ ಗಾಡಿಯನ್ನು ಕಡಲದಾರಿಯಲ್ಲಿ ಐದು ನಿಮಿಷ ನಿಲ್ಲಿಸಿ ಸೂರ್ಯ ಮುಳುಗುವುದನ್ನು ನೋಡಿದ್ದಕ್ಕೆ ಮುಳ್ಳಣ್ಣನನ್ನು ಕೆಲಸದಿಂದ ತೆಗೆದರು. ಅದಾಗಿ ಒಂಬತ್ತು ವರ್ಷ.

ಅಂದಿನಿಂದ ತಕ್ಕಡಿ ಕಂಪನಿಯ ಗೋಡೆಯ ಮೇಲೆ ಒಂದು ನೋಟೀಸು ಅಂಟಿಕೊಂಡಿದೆ. ಬಂದರಿನ ಕೆಲಸಕ್ಕೆ ಹೋದವರು ಹೆದ್ದಾರಿಯಲ್ಲೇ ಹೋಗಿ ಹೆದ್ದಾರಿಯಲ್ಲೇ ಬರತಕ್ಕದ್ದು. ಕಾಗದ ಹಳದಿಯಾಗಿ, ಮೂಲೆ ಸುರುಳಿ ಸುತ್ತಿ, ಜಿರಳೆ ತಿಂದು ಕೊನೆಗೆ ‘ತಕ್ಕದ್ದು’ ಅನ್ನುವುದೊಂದೇ ಉಳಿದಿದ್ದರೂ ಕಾನೂನಿನ ಒಂದು ಕೂದಲೂ ಕೊಂಕಿರಲಿಲ್ಲ.

ಮುಳ್ಳಣ್ಣನ ಕೈಕೆಳಗೆ ಪಳಗಿದ ರಿಪೇರಿಗಾರನಿಗೆ ಎಲ್ಲರೂ ಗುಲಗಂಜಿ ಅನ್ನುತ್ತಿದ್ದರು. ಆಳು ಪುಟ್ಟ, ಲೆಕ್ಕ ಕರಾರುವಾಕ್ಕು. ಒಂಬತ್ತು ವರ್ಷದಿಂದ, ವರ್ಷಕ್ಕೊಮ್ಮೆ ಹೋಗಿ ಬಂದರಿನ ಲಾರಿ ತೂಗುವ ದೊಡ್ಡ ತಕ್ಕಡಿಯನ್ನು ನೋಡಿಕೊಂಡು ಬರುವ ಕೆಲಸ ಅವನದೇ. ಒಂಬತ್ತು ಸಲವೂ ಕಡಲದಾರಿಯ ಕವಲಿನಲ್ಲಿ ಗಾಡಿ ನಿಧಾನ ಮಾಡಿದ್ದ, ಒಂಬತ್ತು ಸಲವೂ ಹೆದ್ದಾರಿಯ ಕಡೆಗೇ ತಿರುಗಿಸಿದ್ದ. ಬಂದರಿನಲ್ಲಿ ಗೋದಾಮುಗಳ ಗೋಡೆ ದಾಟಿ ಕಡಲು ಕಾಣುತ್ತಿರಲಿಲ್ಲ. ಹೆಂಡತಿಗೆ ಮದುವೆಯಾದ ವರ್ಷವೇ ಆ ದಾರಿ ತೋರಿಸುವ ಮಾತು ಕೊಟ್ಟಿದ್ದ.

“ತಾನೇ ನೋಡದವನು ನನಗೆ ತೋರಿಸ್ತಾನಂತೆ,” ಅನ್ನುತ್ತಿದ್ದಳು ಅವಳು. ಆ ದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು, “ಹೆದ್ದಾರಿಗೆ ನನ್ನ ನಮಸ್ಕಾರ ಹೇಳಿ,” ಅಂದಳು.

ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಬಂದರಿನವರೆಗೂ ಚುಚ್ಚುತ್ತ ಬಂತು.

ಅವತ್ತು ತಕ್ಕಡಿಗೂ ಅವನ ಮೇಲೆ ಕರುಣೆ ಬಂದಿರಬೇಕು. ಇಡೀ ದಿನದ ಕೆಲಸ ಅಂತ ಹೋದರೆ, ಅದು ಕೂದಲೆಳೆಯಷ್ಟೂ ಅತ್ತಿತ್ತ ಇರಲಿಲ್ಲ. ಗಂಟೆ ಹತ್ತು. ಗುಲಗಂಜಿ ಗಾಡಿಯೊಳಗೆ ಕೂತ. ಗಾಡಿಯ ಎರಡೂ ಮಗ್ಗುಲಿಗೆ ಕೆಂಪಕ್ಷರದಲ್ಲಿ ‘ನಮ್ಮದು ತೂಕದ ಮಾತು’ ಎಂದಿತ್ತು. ಬೆವರಿದ ಬೆರಳಲ್ಲಿ ಮ್ಯಾನೇಜರಿಗೆ ಜೀವನದ ಮೊದಲ ಸುಳ್ಳು ಬರೆದ: ‘ತೀರದ ಕೆಲಸ ಸಾರ್. ಬರುವಾಗ ಸಂಜೆ.’ ಕೆಲಸ ಮುಗಿಯುವಂತಿಲ್ಲ ಅನ್ನುವುದು ಅವನ ಅರ್ಥ. ಕಳಿಸಿ, ಫೋನನ್ನು ಹಾವಿನ ಮರಿಯಂತೆ ಪಕ್ಕದ ಸೀಟಿಗೆ ಎಸೆದು, ಕವಲಿನಲ್ಲಿ ಎಡಕ್ಕೆ ತಿರುಗಿಸಿಯೇಬಿಟ್ಟ.

ಎರಡನೇ ತಿರುವಿನಲ್ಲಿ ಕಡಲು ಕಂಡಿತು. ಸರಿಯಾಗಿ ಕಂಡಿತೆನ್ನುವಂತಿಲ್ಲ, ಎರಡು ಬಂಡೆಗಳ ನಡುವೆ ಅಂಗೈಯಗಲ ಹೊಳೆಯಿತು. ಅಷ್ಟಕ್ಕೇ ಅವನ ಕಣ್ಣು ತುಂಬಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಮ್ಯಾನೇಜರು. ನಿಮಿಷ ನಿಮಿಷದ ಲೆಕ್ಕ ಕೇಳುವುದರಿಂದ ಹಿಂದಿನಿಂದ ಎಲ್ಲರೂ ಗಡಿಯಾರ ಅಂತಲೇ ಕರೆಯುತ್ತಿದ್ದ ಮ್ಯಾನೇಜರು.

“ತೀರದಲ್ಲಿದ್ದೀಯೇನೋ?”

ಗುಲಗಂಜಿ ಗಕ್ಕನೆ ಬ್ರೇಕು ಒತ್ತಿದ. “ಸಾರ್... ಒಂದೇ ಸಲ ಸಾರ್... ನನ್ನ ಹೆಂಡ್ತಿ...”

“ಅವಳನ್ಯಾಕೆ ಎಳೀತೀಯ? ತೀರದ ಕೆಲಸ ಅಂತ ನೀನೇ ಬರೆದಿದ್ದೀಯಲ್ಲ! ಭೇಷ್! ಆ ಕಡಲತೀರದಲ್ಲಿ ನಮ್ಮ ತೂಕದ ಮೆಷಿನು ಆರು ಇವೆ ಕಣಯ್ಯಾ. ಒಂಬತ್ತು ವರ್ಷದಿಂದ ಒಬ್ಬನೂ ರಿಪೇರಿಗೆ ಕರೆದಿಲ್ಲ. ಹೋಗಿ ನೋಡೋಣ ಅಂತ ನಿನಗೊಬ್ಬನಿಗಾದ್ರೂ ಹೊಳೀತಲ್ಲ! ಆರೂ ಕಡೆಗೆ ಫೋನ್ ಮಾಡಿಸಿದೀನಿ, ದಾರಿ ಕಾಯ್ತಿದಾರೆ.”

ಗುಲಗಂಜಿ ಉಸಿರು ಬಿಟ್ಟ ರಭಸಕ್ಕೆ ಗಾಜಿನ ಮೇಲೆ ಮಂಜು ಕೂತಿತು. ಉಳಿದೆ! ಕೆಲಸವೂ ಉಳಿಯಿತು, ದಾರಿಯೂ ಸಿಕ್ಕಿತು. ಆರು ತಕ್ಕಡಿ ಏನು ಮಹಾ, ನಡುನಡುವೆ ಕಡಲು ನೋಡಿದರಾಯಿತು.

ನಡುವೆ ಅನ್ನುವುದೇ ಇರಲಿಲ್ಲ. ಮೂರನೇ ತಿರುವಿನಲ್ಲೇ ಐಸ್ ಫ್ಯಾಕ್ಟರಿಯ ಯಜಮಾನ ರಸ್ತೆಗೆ ಅಡ್ಡಲಾಗಿ ನಿಂತಿದ್ದ. ಅವನು ಅಡ್ಡ ನಿಂತರೆ ಹಿಂದಿನದೇನೂ ಕಾಣುವಂತಿರಲಿಲ್ಲ, ಕಡಲು ಕೂಡ.

“ಬಾರಪ್ಪ ಬಾ. ಮೆಷಿನು ಹತ್ತು ಕೇಜಿ ಜಾಸ್ತಿ ತೋರಿಸ್ತಿದೆ.”

ಕಿಟಕಿಯಿಲ್ಲದ ತಣ್ಣನೆ ಕೋಣೆಯಲ್ಲಿ ಗುಲಗಂಜಿ ಹಲ್ಲು ಕಟಕಟಿಸುತ್ತ ತೂಕದ ಬಟ್ಟುಗಳನ್ನಿಟ್ಟು ತೂಗಿದ. ಒಂದು ಗ್ರಾಮೂ ತಪ್ಪಿರಲಿಲ್ಲ. “ಸರಿಯಾಗೇ ಇದೆಯಲ್ಲ?”

“ಐಸಿಗೆ ಸರಿಯಾಗಿದೆ. ನಾನು ಹತ್ತಿದರೆ ಜಾಸ್ತಿ.” ಯಜಮಾನ ದನಿ ತಗ್ಗಿಸಿದ. “ಹತ್ತು ಕೇಜಿ ಇಳಿಸು ಅಂದಿದಾರೆ ಡಾಕ್ಟ್ರು. ನಾನಂತೂ ಇಳಿಯಲ್ಲ, ಇದನ್ನೇ ಸ್ವಲ್ಪ ಇಳಿಸಿಕೊಡು.”

ಆಗಲ್ಲವೆಂದು ತಲೆಯಾಡಿಸುವಾಗಲೇ ಗುಲಗಂಜಿಯ ಕಣ್ಣಿಗೆ ತಕ್ಕಡಿಯ ಹಿಂಬದಿಯಲ್ಲಿ, ತೂಕ ಸರಿಯಿದೆಯೆಂದು ಹೊಡೆಯುವ ಸೀಸದ ಮುದ್ರೆ ಬಿತ್ತು. ಕಂಪನಿಯದಲ್ಲ. ಹನಿಯಂಥ ಸೀಸದ ಮೇಲೆ ಒಂದು ಗೆರೆ, ಗೆರೆಯ ಮೇಲೆ ಅರ್ಧ ಸೂರ್ಯ.

“ಇದು ಯಾರದು?”

“ಯಾವನೋ ಪುಣ್ಯಾತ್ಮ. ತಿಂಗಳಿಗೊಂದ್ಸಲ ಬಂದು ಸರಿಮಾಡಿ ಹೋಗ್ತಾನೆ. ಅವನೂ ನಿನ್ ಥರಾನೇ, ಹತ್ತು ಕೇಜಿ ಇಳಿಸು ಅಂದರೆ ಕೇಳಲ್ಲ.”

ಗಡಿಯಾರಕ್ಕೆ ಫೋನಿನಲ್ಲಿ ವರದಿಯಾಯಿತು. “ಕಳ್ಳ ರಿಪೇರಿಗಾರ! ಅದಕ್ಕೇ ನಮ್ಮನ್ನ ಯಾರೂ ಕರೀತಿಲ್ಲ! ಕಿತ್ತುಹಾಕು ಅದನ್ನ, ನಮ್ಮ ಮುದ್ರೆ ಹೊಡಿ.”

ಗುಲಗಂಜಿ ಕಿತ್ತ. ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ. ಕೆಲಸ ಉಳಿಯಿತಲ್ಲ, ಅಷ್ಟು ಸಾಕು ಅಂದುಕೊಂಡ.

ಮುಂದಿನದು ಶಾಲೆ. ಹೆಡ್‌ಮೇಡಮ್ಮು, “ಬಂದದ್ದೇ ಬಂದಿದ್ದೀರಿ, ಮಕ್ಕಳನ್ನೂ ತೂಗಿಬಿಡಿ,” ಎಂದು ನೂರಾಹನ್ನೆರಡು ಮಕ್ಕಳನ್ನು ಸಾಲು ನಿಲ್ಲಿಸಿದಳು. ನಲವತ್ತನೇ ಮಗು ಇಳಿಯುವಾಗ ಅವನು ಕಡಲ ಕಡೆಯ ಕಿಟಕಿ ಹುಡುಕಿದ. ಕಿಟಕಿಗೆ ದೊಡ್ಡ ಭೂಪಟ ನೇತುಹಾಕಿದ್ದರು. ಅದರಲ್ಲಿ ಕಡಲು ನೀಲಿಯಾಗಿ, ಚೆನ್ನಾಗಿಯೇ ಇತ್ತು.

ಅಲ್ಲಿಯೂ ಅರ್ಧ ಸೂರ್ಯ. ಕಿತ್ತ.

ಉಪ್ಪಿನ ಗೋದಾಮಿನ ಯಜಮಾನಿ ಅವನ ಮುಖ ನೋಡಿಯೇ, “ಯಾಕಪ್ಪ, ಯಾರಾದ್ರೂ ತೀರಿಕೊಂಡ್ರಾ?” ಅಂದಳು.

“ಇಲ್ಲಮ್ಮ, ಒಂದ್ನಿಮಿಷ ಕಡಲು ನೋಡೋ ಆಸೆ ಇತ್ತು.”

“ಅಯ್ಯೋ, ಅದೇನು ನೋಡ್ತೀಯ, ಬರೀ ನೀರು! ಈ ಮೂಟೆಗಳೆಲ್ಲ ಕಡಲೇ, ನೀರು ತೆಗೆದ ಕಡಲು. ಕೂತ್ಕೊಂಡು ಎಷ್ಟು ಬೇಕೋ ಅಷ್ಟು ನೋಡು.”

ಮೂಟೆ ನೋಡುತ್ತಲೇ ಮೂರನೆಯದನ್ನು ಕಿತ್ತ. ಹಗ್ಗದ ಅಂಗಡಿ, ಅಂಚೆ ಕಚೇರಿ, ದೋಣಿ ರಿಪೇರಿಯ ಶೆಡ್ಡು. ಎಲ್ಲ ತಕ್ಕಡಿಗಳೂ ಮುಖ ಒಳಗೆ, ಬೆನ್ನು ಕಡಲಿಗೆ. ರಸ್ತೆಯಲ್ಲಿ ನೋಡೋಣವೆಂದರೆ ತಿರುವಿನ ಮೇಲೆ ತಿರುವು. ಕಣ್ಣು ಅತ್ತ ಹೊರಳಿದರೆ ಹಿಂದುಗಡೆ ಇಪ್ಪತ್ತು ಕೇಜಿಯ ಬಟ್ಟುಗಳು ಬೀಗರ ಜಗಳದಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಆರೂ ಕಡೆ ತಕ್ಕಡಿ ನೆಟ್ಟಗಿತ್ತು, ಆರೂ ಕಡೆ ಮುದ್ರೆ ಕಿತ್ತಿದ್ದಾಯಿತು. ಆರು ಸೀಸದ ಹನಿ ಸೇರಿದರೆ ಎಷ್ಟು ಗ್ರಾಮೆಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಜೇಬು ಒಂದೇ ಸಮನೆ ಜಗ್ಗುತ್ತಿತ್ತು. ಅಷ್ಟು ನೆಟ್ಟಗೆ ತಕ್ಕಡಿ ನಿಲ್ಲಿಸುವ ಕೈ ಯಾವುದೆಂದು ಅವನಿಗೆ ಮೂರನೆಯದರಲ್ಲೇ ತಿಳಿದಿತ್ತು. ತಿಳಿಯದವನ ಹಾಗೆ ಗಾಡಿ ಓಡಿಸಿದ್ದ.

ಐದೂವರೆಗೆ ಗಡಿಯಾರ ಮತ್ತೆ ಬಡಿಯಿತು. “ಕೊನೇ ತಿರುವಲ್ಲಿ ಒಂದು ತಗಡಿನ ಅಂಗಡಿ ಇದೆಯಂತೆ. ಆ ಕಳ್ಳ ಅಲ್ಲೇ ಇರೋದು. ಅವನ ಪೆಟ್ಟಿಗೆ ಕಿತ್ಕೊಂಡು ಬಾ, ಅದರಲ್ಲಿರೋ ಬಟ್ಟುಗಳೆಲ್ಲ ನಮ್ಮವೇ ಇರಬೇಕು. ಪೆಟ್ಟಿಗೆ ಇಲ್ದಿದ್ರೆ ಮುಗೀತು, ಮತ್ತೆ ತಕ್ಕಡಿ ಮುಟ್ಟಲ್ಲ ಅವನು.”

ಕೊನೆಯ ತಿರುವಿನಲ್ಲಿ ಬಂಡೆಗಳು ಸರಿದವು, ಮನೆಗಳು ಸರಿದವು, ಗೋಡೆ ಅನ್ನುವುದೇ ಇಲ್ಲವಾಯಿತು. ತಗಡಿನ ಅಂಗಡಿ, ಮುಂದೆ ಒಂದು ಬೆಂಚು. ಬೆಂಚಿನ ಮೇಲೆ, ಕೂದಲು ನೆರೆತರೂ ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ಕೂತಿದ್ದ ಮುಳ್ಳಣ್ಣ.

“ಬಾರೋ ಗುಲಗಂಜಿ. ಆರು ಕಡೆಯಿಂದ ಫೋನ್ ಬಂತು. ಕೀಳೋದಾದ್ರೂ ನೀಟಾಗಿ ಕಿತ್ತಿದೀಯಂತೆ.”

ಗುಲಗಂಜಿ ಜೇಬಿನಿಂದ ಆರು ಹನಿಗಳನ್ನು ತೆಗೆದು ಅವನ ಅಂಗೈಗೆ ಸುರಿದ. ಕೊನೆಗೆ ಕೇಳಿದ್ದು ಇಷ್ಟೇ: “ಅರ್ಧ ಸೂರ್ಯ ಯಾಕಣ್ಣ?”

“ಅವತ್ತು ಅರ್ಧ ಮುಳುಗೋ ಹೊತ್ತಿಗೆ ಆಫೀಸಿನಿಂದ ಫೋನು ಬಂದಿತ್ತು. ಇನ್ನರ್ಧ ಬಾಕಿ ಉಳೀತಲ್ಲ, ನೋಡಿಯೇ ಹೋಗೋಣ ಅಂತ ಇಲ್ಲೇ ಉಳ್ಕೊಂಡೆ.” ಕಾಲಿನಿಂದ ಪೆಟ್ಟಿಗೆಯನ್ನು ಮುಂದೆ ತಳ್ಳಿದ. “ಎಲ್ಲ ನಾನೇ ಎರಕ ಹೊಯ್ದದ್ದು. ಬೇಕಾದ್ರೆ ತಗೊಂಡು ಹೋಗು, ನಿನಗೂ ಮನೆ ಇದೆ. ನಾನು ಮತ್ತೆ ಹೊಯ್ಕೋತೀನಿ.”

ಗುಲಗಂಜಿ ಪೆಟ್ಟಿಗೆ ನೋಡಿದ, ಗಾಡಿ ನೋಡಿದ, ಆಮೇಲೆ ಎದುರಿಗೆ ನೋಡಿದ. ಒಂಬತ್ತು ವರ್ಷದ ಕಡಲು ಕೆಂಪಗೆ ಹರಡಿಕೊಂಡಿತ್ತು. ಹೋಗಿ ಬೆಂಚಿನ ಮೇಲೆ ಕೂತ. ಬೆಳಗಿನಿಂದ ಎದೆಯಲ್ಲಿ ಹೊತ್ತಿದ್ದ ಇಪ್ಪತ್ತು ಕೇಜಿ ಯಾರೋ ಇಳಿಸಿಕೊಂಡಂತಾಯಿತು.

ಫೋನು ಬಡಿಯಿತು.

“ಪೆಟ್ಟಿಗೆ ಹಾಕ್ಕೊಂಡ್ಯಾ?”

“ಇಲ್ಲ ಸಾರ್. ಅದು ಅವರದು.”

“ಏನು ಮಾಡ್ತಿದೀಯ ಅಲ್ಲಿ?”

“ಕೂತಿದೀನಿ ಸಾರ್. ಸೂರ್ಯ ಮುಳುಗ್ತಿದಾನೆ.”

ಅತ್ತ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು. “ಎಷ್ಟು ನಿಮಿಷ ಆಯ್ತು?”

“ನಾಲ್ಕು.”

“ಐದಾಗೋದರೊಳಗೆ ಹೊರಡದಿದ್ರೆ ನಿನ್ನ ಕೆಲಸ ತೀರಿತು ಅಂತ ತಿಳ್ಕೋ!”

“ಇದು ತೀರದ ಕೆಲಸ ಸಾರ್. ಬೆಳಿಗ್ಗೇನೇ ಬರೆದಿದ್ದೆನಲ್ಲ.”

ಮುಳ್ಳಣ್ಣ ನಗು ತಡೆಯಲಾರದೆ ಕೆಮ್ಮಿದ, ಬೆಂಚಿನ ಮೇಲೆ ಸ್ವಲ್ಪ ಅತ್ತ ಸರಿದು ಜಾಗ ಮಾಡಿಕೊಟ್ಟ. ಫೋನಿನೊಳಗೆ ಗಡಿಯಾರ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು: “ಎದ್ದೇಳು! ಗಾಡಿ ಹತ್ತು! ಈಗಲೇ ತಂದು ನಿಲ್ಲಿಸು!”

“ಆಗಲ್ಲ ಸಾರ್,” ಅಂದ ಗುಲಗಂಜಿ. “ಇನ್ನೂ ಅರ್ಧ ಇದೆ.”