ಕಾಲು ಮುಂದಾಗಿ ಹುಟ್ಟಿದವನು

ಯಲ್ಲಾಲಿಂಗನ ನಡು ಹಿಡಿದದ್ದು ಒಂದು ಸೀನಿನಿಂದ. ತೊಗರಿ ಚೀಲಕ್ಕೆ ಕೈಹಾಕಿ ಬಗ್ಗಿದ್ದ ಹೊತ್ತಿಗೇ ಸೀನು ಬಂತು. ಚೀಲ ಅಲ್ಲೇ ಉಳಿಯಿತು, ಅವನೂ ಬಗ್ಗಿದ ಹಾಗೆಯೇ ಉಳಿದ. ಸಿಂದಗಿ ಬಜಾರದ ಮಂದಿ ಅವನನ್ನು ಮಡಚಿದ ಕುರ್ಚಿಯಂತೆ ಎತ್ತಿಕೊಂಡು ಹೋಗಿ ಫಿಜಿಯೋಥೆರಪಿ ಮಾಡುವ ಸುನೀತಾ ಮೇಡಂ ಮುಂದೆ ಇಳಿಸಿದರು.

ಮೇಡಂ ಕೈಗುಣ ಒಳ್ಳೆಯದು. ಬೆನ್ನಿಗೆ ಶಾಖ ಕೊಟ್ಟರು, ಪಟ್ಟಿ ಅಂಟಿಸಿ ಜುಮುಜುಮು ಅನ್ನುವ ಕರೆಂಟು ಹಿಡಿದರು, ಮೊಣಕಾಲು ಮಡಚಿ ಮಲಗಿ ಸೊಂಟ ಎತ್ತುವ ವ್ಯಾಯಾಮ ಕಲಿಸಿದರು, ಮೇಲೊಂದು ಬೆಲ್ಟ್ ಬಿಗಿದರು. ನೋವು ದಿನದಿಂದ ದಿನಕ್ಕೆ ಇಳಿಯುತ್ತ ಬಂತು.

"ಬರೋ ವಾರ ಬೆಲ್ಟ್ ಬಿಚ್ಚಬಹುದ್ರಿ," ಎಂದರು ಆ ದಿನ ಬೆಳಿಗ್ಗೆ. "ಅಲ್ಲೀತನಕ ಭಾರ ಎತ್ತಬ್ಯಾಡ್ರಿ. ಯಾರ ಕಡೆನೂ ತುಳಿಸ್ಕೋಬ್ಯಾಡ್ರಿ, ಒದಿಸ್ಕೋಬ್ಯಾಡ್ರಿ."

ಈ ಕೊನೆಯ ಮಾತು ಸುಮ್ಮನೆ ಬಂದದ್ದಲ್ಲ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಒದ್ದರೆ ಹಿಡಿದ ನಡು ಬಿಡುತ್ತದೆ ಎಂಬ ನಂಬಿಕೆ ಆ ಕಡೆ ಗಟ್ಟಿ. ದೇವಣಗಾಂವದಲ್ಲಿ ಅಂಥವನೊಬ್ಬನಿದ್ದ. ಇಂಡಿ, ಝಳಕಿಯಿಂದಲೂ ಜನ ಬಂದು ಅವನಿಂದ ಒದೆಸಿಕೊಂಡು, ಕೈಮುಗಿದು ಹೋಗುತ್ತಿದ್ದರು. ಅವನು ಯಲ್ಲಾಲಿಂಗನ ಒಡಹುಟ್ಟಿದ ಅಣ್ಣ ಸಿದ್ದರಾಯ.

ದವಾಖಾನೆಯಿಂದ ಹೊರಬಂದವನನ್ನು ನೆರೆಮನೆಯ ಮಲಿಕಸಾಬ ಹಿಡಿದು ನಿಲ್ಲಿಸಿದ. "ಅಲ್ಲೋ, ಊರಿಗೆಲ್ಲಾ ಒದಿಯೋ ಅಣ್ಣನ್ನ ಇಟಗೊಂಡು ನೀ ಕರೆಂಟ್ ಹಿಡಿಸ್ಕೊಳ್ಳಾಕತ್ತೀಯಲ್ಲೋ!"

"ಅಣ್ಣ ನನ್ನ ಜೋಡಿ ಮಾತಾಡಂಗಿಲ್ಲೋ ಮಾರಾಯ."

"ಒದಿಯಾಕ ಮಾತ್ಯಾಕ ಬೇಕು?"

ಯಲ್ಲಾಲಿಂಗನಿಗೆ ನಗು ಬರಲಿಲ್ಲ. ಬಾವಿ ಹೊಲ ಪಾಲಾಗುವಾಗ ಊರವರ ಮುಂದೆ ತಾನೇ, "ಇಂಥಾ ಅಣ್ಣ ಇದ್ದರೆಷ್ಟು, ಬಿಟ್ಟರೆಷ್ಟು!" ಎಂದುಬಿಟ್ಟಿದ್ದ. ಸಿದ್ದರಾಯ ಹೊಲ ಬಿಟ್ಟುಕೊಟ್ಟ, ಮಾತನ್ನೂ ಬಿಟ್ಟ. ಅಂದಿನಿಂದ ಆ ಮಾತು ನೆನಪಾದಾಗಲೆಲ್ಲ ಯಲ್ಲಾಲಿಂಗ ತನ್ನ ನಾಲಿಗೆಯನ್ನೇ ಶಪಿಸಿಕೊಳ್ಳುತ್ತಿದ್ದ. ಅಣ್ಣನ ಬಾಗಿಲಿಗೆ ಯಾವ ಮುಖ ಹೊತ್ತು ಹೋಗುವುದು? ಬೆನ್ನು ಹೊತ್ತು ಹೋಗಬಹುದೆಂದು ಈಗ ಹೊಳೆಯಿತು. ಆದರೆ ಈ ಮೇಡಂ ಇದೇ ವೇಗದಲ್ಲಿ ಗುಣಮಾಡಿದರೆ ಬರುವ ವಾರ ಆ ನೆಪವೂ ಉಳಿಯುವುದಿಲ್ಲ. ಅವನು ಬೆಲ್ಟ್ ಬಿಚ್ಚಿ ಚೀಲಕ್ಕೆ ತುರುಕಿ ಬಸ್ ಸ್ಟ್ಯಾಂಡಿಗೆ ನಡೆದ. ತಮಾಷೆ ತಪ್ಪಿಸಿಕೊಳ್ಳಲಾರದ ಮಲಿಕಸಾಬ ಹಿಂದೆಯೇ ಹೊರಟ.

ಬಸ್ ಸ್ಟ್ಯಾಂಡಿನಲ್ಲಿ ಸೋದರತ್ತೆ ಹುಚ್ಚವ್ವ ಸಿಕ್ಕಳು. ಬಹಳ ವರ್ಷದಿಂದ ಮುದ್ದೇಬಿಹಾಳದ ಮಗಳ ಮನೆಯಲ್ಲಿದ್ದವಳು ಆಗಷ್ಟೇ ಬಂದಿಳಿದಿದ್ದಳು. ದೇವರೇ ಕಳಿಸಿದಂತಾಯಿತು ಯಲ್ಲಾಲಿಂಗನಿಗೆ.

"ಅತ್ತಿ, ಅಣ್ಣನ ಮನಿಗೆ ನನ್ನ ಜೋಡಿ ಬಾ. ನೀ ಇದ್ರ ಅಂವ ನನ್ನ ಹೊರಗ ಹಾಕಂಗಿಲ್ಲ."

"ನಡೀಯಪಾ. ಇಬ್ಬರ್ನೂ ಎತ್ತಿ ಆಡಿಸಿದಾಕಿ ನಾ. ಹೆಂಗ ಹಾಕ್ತಾನ ನೋಡೂಣು!"

ಬೆಲ್ಟ್ ಇಲ್ಲದ ನಡುವಿಗೆ ದಾರಿಯ ಒಂದೊಂದು ತಗ್ಗೂ ತನ್ನ ಹೆಸರು ಹೇಳಿಯೇ ಹೋಯಿತು. ದೇವಣಗಾಂವ ತಲುಪಿದಾಗ ಸಿದ್ದರಾಯ ಮನೆಯ ಕಟ್ಟೆಯ ಮೇಲೆ ನಿಂತಿದ್ದ. ಝಳಕಿಯ ಧೂಳಪ್ಪ ಎಂಬವನು ಸೊಂಟ ಹಿಡಿದುಕೊಂಡು ಕೆಳಗೆ ಸರದಿ ಕಾಯುತ್ತಿದ್ದ. ಹುಚ್ಚವ್ವ ಸಿದ್ದರಾಯನ ಗಲ್ಲ ಸವರಿ ನೀರು ಕುಡಿಯಲು ಒಳಗೆ ಹೋದಳು. ಸಿದ್ದರಾಯ ತಮ್ಮನನ್ನು ನೋಡದೆ ಧೂಳಪ್ಪನನ್ನು ಕೇಳಿದ:

"ಏನಾಗೈತಂತ ಅವಂಗ?"

"ನಡ ಹಿಡದೈತಣ್ಣಾ," ಎಂದ ಯಲ್ಲಾಲಿಂಗ.

"ಹೊಳ್ಳಿ ನಿಂದರಂತ ಹೇಳು."

ಯಲ್ಲಾಲಿಂಗ ಗೋಡೆಗೆ ಮುಖಮಾಡಿ ಕಣ್ಣು ಮುಚ್ಚಿದ. ಸಿದ್ದರಾಯ ಕಟ್ಟೆ ಇಳಿದು ಹಿಂದೆ ಬಂದ. ಇಷ್ಟು ದಿನದ ಸಿಟ್ಟೆಲ್ಲ ಇವತ್ತು ಬೀಳುತ್ತದೆ, ಬೀಳಲಿ ಎಂದುಕೊಂಡ. ಆದರೆ ಅಣ್ಣನ ಕಾಲು ಮಲಗಿದ ಕೂಸಿಗೆ ತಾಗಿದಷ್ಟು ಹಗುರವಾಗಿ ತಾಗಿತು. ಹಾಳು ನಡು ಅಷ್ಟಕ್ಕೇ ಕಟಕ್ಕನೆ ಹಿಡಿದುಕೊಂಡಿತು, ಕಣ್ಣಿಗೆ ಕತ್ತಲೆ ಬಂತು.

"ಹೆಂಗ ಅನಿಸ್ತೋ ಯಲ್ಲ್ಯಾ?"

ಎಷ್ಟೋ ದಿನಕ್ಕೆ ಕೇಳಿದ ಹೆಸರು! ಯಲ್ಲಾಲಿಂಗ ಅತ್ತೇಬಿಟ್ಟ. "ಹಗುರಾತಣ್ಣಾ. ಅಣ್ಣಾ, ಅವತ್ತ ನಾ ಅಂದಿದ್ದು..."

"ಇರ್ಲಿ ಬಿಡೋ." ಸಿದ್ದರಾಯ ಬಾಗಿಲ ಕಡೆ ತಿರುಗಿ ಕೂಗಿದ: "ಏ, ತಮ್ಮ ಬಂದಾನ, ರೊಟ್ಟಿ ಬಡೀರಿ!"

ಆ ಕೂಗಿಗೆ ಹುಚ್ಚವ್ವ ಹೊರಬಂದಳು. ಮಲಿಕಸಾಬ ಸಂಭ್ರಮದಿಂದ ನಡೆದದ್ದೆಲ್ಲ ಹೇಳಿದ. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯ ಸಿದ್ದ್ಯಾ, ನೀ ಯಾಕ ಒದಿಯಾಕತ್ತೀಯೋ? ನೀ ಎಲ್ಲಾರಂಗ ತಲಿ ಮುಂದಾಗಿ ಬಂದಾಂವ. ಕಾಲ ಮುಂದಾಗಿ ಹುಟ್ಟಿದಾಂವ ಇಂವ, ಯಲ್ಲ್ಯಾ! ಎರಡೂ ಹೆರಿಗಿ ಮಾಡಿಸಿದಾಕಿ ನಾನ."

ಧೂಳಪ್ಪ ಸೊಂಟದ ಕೈ ತೆಗೆಯದೆ ಒಮ್ಮೆ ಅಣ್ಣನನ್ನು, ಒಮ್ಮೆ ತಮ್ಮನನ್ನು ನೋಡಿದ.

"ಅತ್ತಿ, ನಿನಗ ಮರವು. ಅಣ್ಣಾನ ಇರಬೇಕು, ನೆನಪ ಮಾಡ್ಕೊ," ಎಂದು ಯಲ್ಲಾಲಿಂಗ ಕಣ್ಣಲ್ಲೇ ಬೇಡಿಕೊಂಡ.

"ನನಗೇನ್ ಮರವು? ಮೊದಲ ಹೊರಗ ಬಂದದ್ದು ನಿನ್ನ ಎಡಗಾಲು. ಹಿಮ್ಮಡದ ಮ್ಯಾಲೆ ಕರೇ ಮಚ್ಚಿ ಐತಿ, ತೋರ್ಸು!"

ಅವನು ತೋರಿಸಲಿಲ್ಲ. ಮಲಿಕಸಾಬ ಗೆಳೆತನದ ಸಲಿಗೆಯಿಂದ ಅವನ ಧೋತರ ಎತ್ತಿ ತೋರಿಸಿದ. ಮಚ್ಚೆ ಇತ್ತು.

ಸಿದ್ದರಾಯ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಬಾವಿ ಹೊಲ ಕೇಳಿದಿ, ಕೊಟ್ಟೆ. ಇದೊಂದರ ನನಗಿರ್ಲಿ ಅಂತ ಬಿಡಬಾರದಿತ್ತೇನೋ?"

"ಅಣ್ಣಾ, ನನಗೇನ್ ಗೊತ್ತಿತ್ತು..."

"ಅತ್ತಿನ್ನ ಕರಕೊಂಡು ಬಂದಾಂವ ಯಾರು?"

ಸಿದ್ದರಾಯ ಒಳಗೆ ಹೋದ, ಬಾಗಿಲು ಮುಚ್ಚಿತು. ಒಳಗೆ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಯಾಕಾದರೂ ಬಂದೆನೋ, ಬಂದರೂ ಒಬ್ಬನೇ ಯಾಕೆ ಬರಲಿಲ್ಲವೋ ಎಂದು ಯಲ್ಲಾಲಿಂಗ ತನ್ನನ್ನೇ ಬೈದುಕೊಂಡ. ಬಾಗಿಲು ಬಡಿಯಲು ಕಟ್ಟೆ ಹತ್ತಬೇಕು. ಹಿಡಿದ ನಡುವಿನಿಂದ ಕಾಲು ಮೇಲೇಳಲಿಲ್ಲ. ಗೋಡೆಗೆ ಕೈಯೂರಿ ಬಗ್ಗಿ ನಿಂತ.

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ, ಝಳಕಿಯ ಧೂಳಪ್ಪ ಅಂಗಿ ಮೇಲೆತ್ತಿ ತನ್ನ ಬೆನ್ನನ್ನು ಇವನ ಕಡೆ ಮಾಡಿ ನಿಂತಿದ್ದ.

"ಇನ್ನ ನೀವ ಒದೀಬೇಕ್ರಿ ಸಾವ್ಕಾರ್ರ. ಜರಾ ಜೋರ್ಲೆ ಒದೀರಿ, ಭಾಳ ದೂರಿಂದ ಬಂದೇನಿ."