ಮಾದಿಹಳ್ಳಿ ಹಾಲಿಗೆ ಸಕ್ಕರೆ ಹಾಕಿದವರು

ಅಥವಾ ಆ ಡಬ್ಬಿ ನನ್ನದೇ ಇರಲಿಲ್ಲವೋ ಏನೋ. ಸ್ಟೀಲಿನದು, ಮುಚ್ಚಳ ಸೊಟ್ಟ, ಒಳಗೆ ಮಾವಿನ ಉಪ್ಪಿನಕಾಯಿ. ಇಷ್ಟೆಲ್ಲ ಕಣ್ಣಿಗೆ ಕಟ್ಟಿದಂತಿರುವುದರಿಂದಲೇ ನನಗೆ ಅನುಮಾನ. ನನ್ನ ನೆನಪಿನಲ್ಲಿ ಅಚ್ಚುಕಟ್ಟಾಗಿರುವುದೆಲ್ಲ ಆಮೇಲೆ ನಾನೇ ಒಪ್ಪ ಮಾಡಿಟ್ಟದ್ದು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಸಹೋದ್ಯೋಗಿ ಜಯಲಕ್ಷ್ಮಿ ಅದನ್ನು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ ನನಗೆ ಕೊಟ್ಟರು ಎಂದು ನನ್ನ ವಾದ. ಡಬ್ಬಿ ತನ್ನದು, ಸಕ್ಕರೆ ಹಾಕಿ ಕಳಿಸಿದವರು ನನ್ನ ಅಮ್ಮ ಎಂದು ಆಕೆಯ ವಾದ. ಖಾಲಿಗೆ ಸಕ್ಕರೆ ತುಂಬುವ ರೂಢಿ ಯಾರ ಮನೆಯದೆಂದು ತೀರ್ಮಾನವಾದರೆ ಮಾದಿಹಳ್ಳಿಯ ಹಾಲಿಗೆ ಸಕ್ಕರೆ ಹಾಕಿದವರು ಯಾರೆಂಬುದೂ ತೀರ್ಮಾನವಾಗುತ್ತದೆ ಎಂದು ನಾವಿಬ್ಬರೂ ನಂಬಿದ್ದೇವೆ.

ನಾವಿರುವುದು ಅರಸೀಕೆರೆಯ ಹೊರಗಿನ ಒಂದು ಖಾಸಗಿ ಡೈರಿಯಲ್ಲಿ. ಹಳ್ಳಿಗಳಲ್ಲಿ ಹಾಲು ಅಳೆಯುವ ಯಂತ್ರಗಳು ಒಂದು ಭಾಷೆ ಆಡುತ್ತವೆ, ಆಫೀಸಿನ ಕಂಪ್ಯೂಟರ್ ಇನ್ನೊಂದು. ಮದುವೆ ದಲ್ಲಾಳಿಯ ಹಾಗೆ ನಡುವೆ ಕೂತು ಎರಡೂ ಕಡೆಯ ಮಾತು ಮುಟ್ಟಿಸುವ ಸಾಫ್ಟ್‌ವೇರೊಂದಿದೆ. ಅದನ್ನು ನೋಡಿಕೊಳ್ಳುವುದು ನಮ್ಮಿಬ್ಬರ ಕೆಲಸ. ನೋಡಿಕೊಳ್ಳುವುದೆಂದರೆ ಆರಿಸಿ ಮತ್ತೆ ಹಾಕುವುದು. ಮಾದಿಹಳ್ಳಿಯದು ಮಾತ್ರ ಹಳೇ ಯಂತ್ರ. ‘ಷರಾ’ ಎಂಬ ಜಾಗವನ್ನು ಖಾಲಿ ಬಿಟ್ಟು ಕಳಿಸುತ್ತಿತ್ತು. ಖಾಲಿ ಜಾಗ ಕಂಡರೆ ದಲ್ಲಾಳಿ ಮುಷ್ಕರ ಹೂಡುತ್ತಿದ್ದ. ಆಗ ನಮ್ಮಲ್ಲಿ ಒಬ್ಬರು, ಅಲ್ಲಿ ಏನೂ ಇಲ್ಲದಿದ್ದರೆ ಇದನ್ನು ತುಂಬು ಎಂದು ಸೆಟ್ಟಿಂಗಿನಲ್ಲಿ ಬರೆದರು: ಸಕ್ಕರೆ. ಖಾಲಿ ಡಬ್ಬಿಗೆ ಇನ್ನೇನು ಹಾಕುತ್ತಾರೆ? ಆ ಷರಾವನ್ನು ಯಾರೂ ಓದುತ್ತಿರಲಿಲ್ಲ. ಬರೆದದ್ದನ್ನು ನಾವೂ ಮರೆತೆವು. ಎಲ್ಲರೂ ಸುಖವಾಗಿದ್ದರು.

ಆಮೇಲೆ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಅದು ಬಹಳ ಬುದ್ಧಿವಂತ ಎಂದು ಕಳಿಸಿದವರು ಹೇಳಿದರು. ಯಾರೂ ಓದದ್ದನ್ನು ಓದುವುದೇ ಬುದ್ಧಿವಂತರ ಲಕ್ಷಣ. ಮಾರನೇ ಬೆಳಿಗ್ಗೆ ಮಾದಿಹಳ್ಳಿಯ ಟೆಂಪೋ ಬಂದು ನಿಂತಾಗ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಸಕ್ಕರೆ ಕಲಬೆರಕೆ, ತಿರಸ್ಕರಿಸಿ. ಗೇಟು ತೆರೆಯಲಿಲ್ಲ. ಆ ಊರಿನ ಹಾಲು ಕೂಡಿಸುವ ರತ್ನಮ್ಮ ಟೆಂಪೋದಿಂದಿಳಿದು ನೇರ ನನ್ನ ಮೇಜಿಗೆ ಬಂದರು.

“ಏನ್ ಸ್ವಾಮಿ, ನಮ್ಮೂರ್ ಹಾಲ್ಗೆ ಸಕ್ಕರೆ ಸುರುದವ್ರೆ ಅಂತೈತಂತೆ ನಿಮ್ ಡಬ್ಬ? ನಾವು ಕಾಪಿಗೇ ಬೆಲ್ಲ ಹಾಕ್ಕಂಡ್ ಕುಡಿಯೋರು!”

“ನೋಡ್ತಾ ಇದೀವಿ ಕಣಮ್ಮ.”

“ನೋಡಿ, ನೋಡಿ. ಬಿಸ್ಲೇರುದ್ರೆ ಹಾಲು ಒಡದೋಯ್ತದೆ. ಊರೆಸ್ರು ಕೆಟ್ರೆ ಅದುನ್ನ ಯಾವ್ ಫ್ರಿಜ್ಜಲ್ಲಿ ಇಡಾನ?”

ಮ್ಯಾನೇಜರ್ ಶಿವಣ್ಣನವರು ಗಾಜಿನ ನಳಿಕೆಯಲ್ಲಿ ಹಾಲು ಪರೀಕ್ಷೆ ಮಾಡಿದರು. ಸಕ್ಕರೆ ಇರಲಿಲ್ಲ. ಹಾಗಾದರೆ ಒಳಗೆ ಬಿಡಿ ಎಂದೆ. “ಹಾಲು ಸರಿ ಇದೆ ಕಣ್ರೀ, ಕಂಪ್ಯೂಟರ್ ಒಪ್ತಿಲ್ವಲ್ಲ!” ಎಂದರು.

ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮದು ಹೊಸದು, ಯಂತ್ರದ್ದು ಹಳೆಯದು, ಎರಡಕ್ಕೂ ಹೊಂದುವುದಿಲ್ಲ ಎಂದರು. ಅದು ಎಷ್ಟೋ ಮನೆಗಳ ಕಥೆ. ಆದರೂ ಸಂಸಾರ ನಡೆಯುತ್ತದಲ್ಲ ಎಂದೆ. ಆರಿಸಿ ಮತ್ತೆ ಹಾಕಿ ಎಂದರು. ಅದನ್ನು ಆಗಲೇ ಮಾಡಿದ್ದೆ. ಗಾಬರಿಯಲ್ಲಿ ಫ್ಯಾನನ್ನೂ ಆರಿಸಿ ಹಾಕಿದ್ದೆ.

ಅಷ್ಟರಲ್ಲಿ ಸೆಟ್ಟಿಂಗನ್ನು ಸಾಲು ಸಾಲಾಗಿ ಕೆದಕುತ್ತಿದ್ದ ಜಯಲಕ್ಷ್ಮಿ, “ಅಯ್ಯೋ, ಇಲ್ನೋಡಿ ಸಾರ್, ನೀವ್ ಹಾಕಿರೋ ಸಕ್ಕರೆ!” ಎಂದರು.

“ನಾನಾ? ನೀವೇ ಕಣ್ರೀ ಹಾಕಿದ್ದು.”

ಹಳೇಬೀಡಿನ ಗುಡಿಗೆ ಶಿಖರ ಯಾಕಿಲ್ಲ ಎಂದರೆ ಒಬ್ಬ ಗೈಡು ಬಿದ್ದುಹೋಯಿತೆನ್ನುತ್ತಾನೆ, ಇನ್ನೊಬ್ಬ ಕಟ್ಟಲೇ ಇಲ್ಲವೆನ್ನುತ್ತಾನೆ. ಇಬ್ಬರೂ ಪಕ್ಕದಲ್ಲಿ ನಿಂತು ನೋಡಿದವರ ಹಾಗೆ ಹೇಳುತ್ತಾರೆ. ನಾವೂ ಹಾಗೇ ಜಗಳವಾಡಿದೆವು. ಹಾಲು ಮಾತ್ರ ಬಿಸಿಲಲ್ಲಿತ್ತು.

ಸಕ್ಕರೆಯನ್ನು ಅಳಿಸಿದೆವು. ಖಾಲಿ ಜಾಗ ಕಂಡು ಹೊಸ ದಲ್ಲಾಳಿಯೂ ಮುಷ್ಕರ ಹೂಡಿದ. ಆ ಒಂದು ಗುಣ ಮಾತ್ರ ವಂಶದಲ್ಲಿ ಹರಿದುಬಂದಿತ್ತು. ಬೇರೆ ಏನಾದರೂ ತುಂಬಬೇಕು. ಶಿವಣ್ಣನವರು “ಉಪ್ಪು” ಎಂದರು. ಅದೂ ಕಲಬೆರಕೆಯೇ. “ಅಕ್ಕಿ?” ಎಂದೆ. ಹಿಟ್ಟು ಮಾಡಿ ಬೆರೆಸುವವರಿದ್ದಾರಂತೆ. ಪಾತ್ರೆಗೆ ಹಾಕಿ ಕೊಟ್ಟರೆ ಮರ್ಯಾದೆ ಎನಿಸುವುದೆಲ್ಲ ಹಾಲಿಗೆ ಹಾಕಿದರೆ ಅಪರಾಧ.

“ಏನೂ ಇಲ್ದಿದ್ರೆ ಕೈಯಾದ್ರೂ ಮುಗಿದು ಕಳಿಸ್ರಪ್ಪ ಅತ್ಲಾಗೆ!” ಎಂದು ರತ್ನಮ್ಮ ರೇಗಿದರು.

‘ನಮಸ್ಕಾರ’ ಎಂದು ತುಂಬಿದೆವು. ಗೇಟು ತೆರೆಯಿತು. ಹಾಲು ಒಡೆದಿರಲಿಲ್ಲ. ನಮಸ್ಕಾರವನ್ನು ಟೈಪು ಮಾಡಿದ್ದು ನಾನೇ. ಇದು ಖಚಿತ, ಯಾಕೆಂದರೆ ಶಿವಣ್ಣನವರು ಹೊಗಳಿದ್ದು ಇದಕ್ಕೆ. ಹೊರಡುವಾಗ ರತ್ನಮ್ಮ, “ಇನ್ನೊಂದ್ ದಪ ನಮ್ಮೂರ್ ಹಾಲ್ಗೆ ಏನಾರ ತುಂಬೋದಿದ್ರೆ ನಮ್ಮುನ್ ಒಂದ್ ಮಾತ್ ಕೇಳಿ ಸ್ವಾಮಿ” ಎಂದರು.

ಮಾದಿಹಳ್ಳಿಯ ಹಾಲು ಈಗಲೂ ದಿನಾ ನಮಸ್ಕರಿಸಿಕೊಂಡೇ ಬರುತ್ತದೆ. ಮುಂದಿನ ಆವೃತ್ತಿ ಅದನ್ನು ಏನೆಂದು ಓದುತ್ತದೋ. ಮೊನ್ನೆ ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಸೊಟ್ಟ ಮುಚ್ಚಳದ ಡಬ್ಬಿ ಸಿಕ್ಕಿತು. ಗೆದ್ದೆ ಎಂದುಕೊಂಡು, ಇದು ನಮ್ಮದೇ ತಾನೇ ಎಂದು ಅಮ್ಮನನ್ನು ಕೇಳಿದೆ.

“ನಮ್ದೇ ಇರ್ಬೇಕು ಕಣೋ. ಇಲ್ಲಾಂದ್ರೆ ಯಾರಿಗೋ ವಾಪಸ್ ಕೊಡೋದು ಮರ್ತಿರ್ಬೇಕು.”

ಸಕ್ಕರೆ ಹಾಕಿದವರು ಯಾರೋ ನನಗೆ ಗೊತ್ತಿಲ್ಲ.