ಇಡೀ ಅಡಿಕೆಯ ಔದಾರ್ಯ

ಒಂದು ಆಟ, ಒಂದು ಹಾಡಿಕೆ, ಒಂದು ಕೀರ್ತನೆ ಏರ್ಪಡಿಸಲು ಜನ ಯಾಕಷ್ಟು ಒದ್ದಾಡುತ್ತಾರೋ ನನಗೆ ಆಗ ಅರ್ಥವಾಗುತ್ತಿರಲಿಲ್ಲ. ಕಲಾವಿದರನ್ನು ಕರೆಯಬೇಕು, ಜಮಖಾನೆ ಹಾಸಬೇಕು, ದೀಪ ಹಚ್ಚಬೇಕು. ಮುಗಿಯಿತು!

ನಿಜಾಮರ ಕಾಲ. ನಾನು ಆಳಂದದ ಶಾಲೆಯಲ್ಲಿ ಹಂಗಾಮಿ ಮಾಸ್ತರ. ಹಂಗಾಮಿ ಎಂದರೆ ಇವತ್ತು ಇದ್ದೇನೆ, ನಾಳೆ ಮೇಲಿನವರ ಮರ್ಜಿ. ನಮ್ಮ ಹೆಡ್ ಮಾಸ್ತರ್ ಖಾಜಾಸಾಬರಿಗೆ ಊರಲ್ಲೊಂದು ವಾಚನಾಲಯ ತೆರೆಯುವ ಹಂಬಲ. ಬರೀ ಪುಸ್ತಕ ಇಟ್ಟರೆ ಜನ ಬರುವುದಿಲ್ಲವೆಂದು, ಹುಣ್ಣಿಮೆಗೊಂದು ಕಾರ್ಯಕ್ರಮ ಮಾಡುವುದೆಂದು ನಿಶ್ಚಯವಾಯಿತು. ಶಾಲೆಯ ಗೋಡೆಯ ಮೇಲೆ ‘ಮುಂಬರುವ ಕಾರ್ಯಕ್ರಮಗಳು’ ಎಂದು ನಾನೇ ಕೆಮ್ಮಣ್ಣಿನಲ್ಲಿ ದೊಡ್ಡದಾಗಿ ಬರೆದೆ. ಕೆಳಗೆ ಬರೆಯಲು ಇನ್ನೂ ಏನೂ ಇರಲಿಲ್ಲ.

ಆಗ ನಾಲ್ಕು ಜನ ಸೇರಬೇಕಾದರೂ ಸರಕಾರದ ಪರವಾನಗಿ ಬೇಕು. ಪೊಲೀಸ್ ಠಾಣೆಯ ಅಮೀನ್ ಸಾಹೇಬರು ಕೊಟ್ಟರು. ಒಂದೇ ಕಾರ್ಯಕ್ರಮ. ದೀಪ ಹಚ್ಚುವ ಹೊತ್ತಿಗೆ ಶುರು, ರಾತ್ರಿಯ ಇಶಾ ನಮಾಜಿನ ಬಾಂಗಿಗೆ ಮುಕ್ತಾಯ. ಗದ್ದಲವಾದರೆ ಜವಾಬ್ದಾರ ಯಾರು ಎಂದು ಕೇಳಿದರು.

“ನಾನು!” ಎಂದೆ. ಎದೆ ಮುಂದೆ ಮಾಡಿಯೇ ಎಂದೆ.

“ರಾಚಪ್ಪ ಮಾಸ್ತರ್ರೆ,” ಖಾಜಾಸಾಬರು ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು. “ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ನೌಕ್ರಿ ಮ್ಯಾಲೇ ಬರ್ತದ. ಊರೂರು ಹೋಗಿ ಮೇಳ ನೋಡ್ಕೊಂಡು ಬರ್ರಿ. ಆದ್ರ ಯಾರಿಗೂ ಮಾತು ಕೊಡಬ್ಯಾಡ್ರಿ. ಬಂದು ಹೇಳ್ರಿ, ಆಮ್ಯಾಲ ಕೂತು ಒಂದು ಆರಿಸೋಣ.”

ಹೊರಡುವಾಗ ನನ್ನ ಹೆಂಡತಿ ನೀಲವ್ವ ಎಲೆ ಅಡಿಕೆಯ ಚೀಲ ಕೈಗಿಟ್ಟು, ಒಳಗೆ ಅಡಕತ್ತರಿ ಹಾಕಿದಳು. ನಾನು ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಮಾಸ್ತರನಾದವನು ದೊಡ್ಡ ಕಲಾವಿದರ ಮುಂದೆ ಕೂತು ಅಡಿಕೆಯನ್ನು ಚೂರು ಚೂರು ಮಾಡಿ ಕೊಡುವುದೇ? ಏನು ಜಿಪುಣತನ! ಕೊಟ್ಟರೆ ಇಡೀ ಅಡಿಕೆಯನ್ನೇ ಕೊಡಬೇಕು.

ಧೂಳೆಬ್ಬಿಸುವ ಮೋಟಾರಿನಲ್ಲಿ ಜೇವರ್ಗಿಗೆ ಹೋದೆ. ಅಲ್ಲಿ ದೊಡ್ಡಾಟದ ಭೀಮಶ್ಯಾ ಮಾಸ್ತರ ನನ್ನೆದುರಿಗೇ ಎರಡು ಹೆಜ್ಜೆ ಕುಣಿದು ತೋರಿಸಿದ. ಹುಣ್ಣಿಮೆಗೆ ಬಿಡುವಿದೆಯೇ ಎಂದು ಕೇಳಿದೆ. ಇದೆ ಎಂದ. ಸಂತೋಷದಿಂದ ಎರಡು ಎಲೆಯ ಮೇಲೆ ಒಂದು ಇಡೀ ಅಡಿಕೆ ಇಟ್ಟು ಕೊಟ್ಟೆ. ಆತ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟ. ಎಂಥ ವಿನಯವಂತ ಎಂದುಕೊಂಡೆ.

ಅಫಜಲಪುರದಲ್ಲಿ ಗವಾಯಿ ಗುರುಸಿದ್ದಯ್ಯನವರು ಕಣ್ಣು ಮುಚ್ಚಿ ಹಾಡಿದರು. ಹುಣ್ಣಿಮೆಗೆ ಬಿಡುವಿತ್ತು. ಇಡೀ ಅಡಿಕೆ ಕೊಟ್ಟೆ. ಅವರೂ ಕಣ್ಣಿಗೊತ್ತಿಕೊಂಡರು. ದಾರಿಯಲ್ಲಿ ಗಾಣಗಾಪುರದಲ್ಲಿ ಇಳಿದು ಕೀರ್ತನಕಾರ ನರಹರಿಬುವಾ ಅವರನ್ನೂ ಕಂಡೆ. ಅವರಿಗೂ ಬಿಡುವಿತ್ತು. ಅವರಿಗೂ ಕೊಟ್ಟೆ. ಮಾತು ಮಾತ್ರ ಯಾರಿಗೂ ಕೊಡಲಿಲ್ಲ ನೋಡಿ, ಆ ವಿಷಯದಲ್ಲಿ ನಾನು ಬಲು ಬಿಗಿ.

ಊರಿಗೆ ಬಂದು ವರದಿ ಒಪ್ಪಿಸಿದೆ. ಮೊದಲ ಹುಣ್ಣಿಮೆಗೆ ಗವಾಯಿಗಳ ಹಾಡಿಕೆಯೇ ಸರಿ, ಗದ್ದಲವಿರುವುದಿಲ್ಲ ಎಂದು ಖಾಜಾಸಾಬರು ಹೇಳಿದರು. ಗೋಡೆಯ ಮೇಲೆ ಬರೆದೆ. ಅಫಜಲಪುರಕ್ಕೆ ಹೇಳಿ ಕಳಿಸಿದೆ. ಉಳಿದಿಬ್ಬರಿಗೆ ಏನು ಹೇಳುವುದಿತ್ತು? ಮಾತೇ ಕೊಟ್ಟಿರಲಿಲ್ಲವಲ್ಲ!

ಹುಣ್ಣಿಮೆಯ ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದೆ. ಮನೆಯ ಮುಂದೆ ಎರಡು ಚಕ್ಕಡಿ ಬಂದು ನಿಂತವು. ಒಂದರ ತುಂಬ ಜನ. ಇನ್ನೊಂದರ ತುಂಬ ಕಿರೀಟ, ಭುಜಕೀರ್ತಿ, ಗದೆ. ಮುಂದೆ ಭೀಮಶ್ಯಾ, ಮುಖದ ತುಂಬ ನಗು.

“ಶರಣ್ರಿ ಮಾಸ್ತರ್ರೆ! ಮೊನ್ನೆ ಬಿಟ್ಟೀವ್ರಿ ಊರು. ಎತ್ತಿಗಿ ನೀರು ಎಲ್ಲಿ ಕುಡಿಸೂದ್ರಿ?”

ತಂಬಿಗೆಯನ್ನು ಅಲ್ಲೇ ಇಟ್ಟೆ. ಒಳಗೆ ಓಡಿದೆ. ನೀಲವ್ವ ಕಿಟಕಿಯಿಂದಲೇ ನೋಡಿದ್ದಳು.

“ಅವರಿಗಿ ಏನ್ ಕೊಟ್ಟು ಬಂದ್ರಿ?”

“ಏನೂ ಕೊಟ್ಟಿಲ್ಲ! ಬರೀ ಎಲಿ ಅಡಿಕಿ!”

“ಒಡದ ಅಡಿಕೇನ್ರಿ, ಇಡೀದೇನ್ರಿ?”

“ಇಡೀದು. ಯಾಕ?”

ಅವಳು ಹಣೆ ಹಣೆ ಬಡಿದುಕೊಂಡಳು. “ಇಂಥಾ ದಿನ ಅಂತ ಹೇಳಿ ಮೇಳದವರ ಕೈಯಾಗ ಇಡೀ ಅಡಿಕಿ ಇಟ್ರ ಸುಪಾರಿ ಕೊಟ್ಟಂಗ್ರಿ, ಆಟ ಗೊತ್ತು ಮಾಡಿದಂಗ! ಅವರು ಬ್ಯಾರೆ ಊರಿನ ಆಟ ಬಿಟ್ಟು ಬರ್ತಾರ. ಒಡದು ಕೊಟ್ರ ಬರೀ ತಿನ್ನಾಕ. ಇದೂ ಗೊತ್ತಿಲ್ಲೇನ್ರಿ ನಿಮಗ?”

ಸುಪಾರಿಯ ವಿಷಯ ನನಗೂ ಗೊತ್ತಿತ್ತು. ಆದರೆ ಜೊತೆಗೆ ಮಾತೂ ಬೇಕು, ಮುಂಗಡವೂ ಬೇಕು ಎಂದುಕೊಂಡಿದ್ದೆ. ಬರೀ ಔದಾರ್ಯ ಸಾಕಾಗುತ್ತದೆ ಎಂದು ತಿಳಿದಿರಲಿಲ್ಲ.

“ಮತ್ತ ಯಾರ್ಯಾರಿಗಿ ಕೊಟ್ಟೀರಿ?” ಎಂದು ಅವಳು ಕೇಳುವಷ್ಟರಲ್ಲಿ ಬೀದಿಯಲ್ಲಿ ಕೀರ್ತನೆಯ ಚಿಪಳಿ ತಾಳದ ಸದ್ದು ಕೇಳಿಸಿತು. ನರಹರಿಬುವಾ!

ಇದು ಸಾಲದೆಂಬಂತೆ ಊರ ಡಂಗುರದವನು ಚಕ್ಕಡಿಗಳನ್ನು ನೋಡಿಬಿಟ್ಟಿದ್ದ. ಹಾಡಿಕೆ ಎಂದಷ್ಟೇ ಸಾರಬೇಕಾದವನು ಅಗಸೆ ಬಾಗಿಲಿನಿಂದ ಅಗಸೆ ಬಾಗಿಲಿಗೆ “ಗವಾಯಿ ಬಂದಾನ! ಬುವಾ ಬಂದಾನ! ದೊಡ್ಡಾಟ ಬಂದದಪೋ!” ಎಂದು ಬಾರಿಸುತ್ತ ಹೋದ. ಸಂಜೆಯಾಗುವುದರೊಳಗೆ ಸುತ್ತಲಿನ ಹಳ್ಳಿಗಳಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ಪರವಾನಗಿ ಒಂದು, ಮೇಳ ಮೂರು, ಜನ ಅಪಾರ. ಈ ನೌಕರಿ ಹೋದರೆ ಮಾವನ ಮನೆಗೇ ಹೋಗಿ ಕೂರಬೇಕು. ಮಾವನ ಮುಖ ಕಣ್ಣ ಮುಂದೆ ಬಂತು. ಅಳುವೇ ಬಂತು.

ಭೀಮಶ್ಯಾನ ಎದುರು ಕೈಮುಗಿದೆ. “ಅಣ್ಣಾ, ತಪ್ಪಾಗ್ಯದ. ಅಡಿಕಿ ತಿರುಗಿ ಕೊಟ್ಟುಬಿಡಪ್ಪ.”

“ಹಿಡದ ಅಡಿಕಿ ತಿರುಗಿ ಕೊಟ್ರ ಮೇಳ ಒಡೀತದ್ರಿ,” ಎಂದ ಆತ ಗಂಭೀರನಾಗಿ. “ಗೆಜ್ಜಿ ಕಟ್ಟದೆ ನಾವು ಊರು ಬಿಡಂಗಿಲ್ರಿ.” ಬುವಾ ಕೂಡ ಹೌದು ಹೌದು ಎಂದು ತಲೆಯಾಡಿಸಿದರು.

ಕೊನೆಗೆ ಖಾಜಾಸಾಬರೇ ದಾರಿ ಹುಡುಕಿದರು. “ಪರ್ವಾನಗಿ ಒಂದೇ ಕಾರ್ಯಕ್ರಮಕ್ಕ ಅದ. ಮೂರೂ ಕೂಡಿಸಿ ಒಂದೇ ಮಾಡ್ರಿ! ಬುವಾ ಕಥಿ ಹೇಳ್ಲಿ, ಗವಾಯಿ ಹಾಡ್ಲಿ, ಇವರು ಕುಣೀಲಿ. ನೀವು ಪಡದೆ ಹಿಂದ ನಿಂತು ಕೈ ಮಾಡ್ರಿ, ಯಾರ ಪಾಳಿ ಅಂತ.”

ಕೇಳಲು ಎಷ್ಟು ಸುಲಭ! ಅಮೀನ್ ಸಾಹೇಬರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಬುವಾ ಪಾಂಡವರ ಕಥೆ ಎತ್ತಿಕೊಂಡರು. ಬಿಡಲೇ ಇಲ್ಲ. ನಾನು ಪರದೆಯ ಸಂದಿಯಿಂದ ಕೈ ಮಾಡಿದೆ, ಕಣ್ಣು ಮಾಡಿದೆ. ಅವರು ಅರಗಿನ ಮನೆಯವರೆಗೂ ಬಂದು ಅಲ್ಲಿಯೇ ಬಿಡಾರ ಹೂಡಿದರು. ಹೇಗೋ ಗವಾಯಿಗಳ ಪಾಳಿ ಬಂತು. ಅವರು ಕಣ್ಣು ಮುಚ್ಚಿ ಆಲಾಪಕ್ಕೆ ಕೂತರು. ಕಣ್ಣು ಮುಚ್ಚಿದವರಿಗೆ ಕೈ ಮಾಡಿ ಏನು ಉಪಯೋಗ? ಇತ್ತ ಭೀಮನ ವೇಷದ ಭೀಮಶ್ಯಾ ಗದೆ ಹಿಡಿದು ಕಾದೂ ಕಾದೂ ರೇಗಿ, ಯಾರೂ ಕರೆಯದೆಯೇ ರಂಗಕ್ಕೆ ನುಗ್ಗಿಬಿಟ್ಟ. ಅದನ್ನು ಕಂಡು ಬುವಾ ಕೂಡ ತಮ್ಮ ಪಾಳಿಯೆಂದು ಎದ್ದು ಮತ್ತೆ ಕಥೆ ಶುರು ಮಾಡಿದರು. ಒಬ್ಬರು ಹೇಳುತ್ತಾರೆ, ಒಬ್ಬರು ಹಾಡುತ್ತಾರೆ, ಒಬ್ಬ ಕುಣಿಯುತ್ತಾನೆ! ಜನ ಎದ್ದು ನಿಂತರು. ಅಮೀನ್ ಸಾಹೇಬರೂ ಎದ್ದು ನಿಂತರು!

ಕೈಮುಗಿದುಕೊಂಡು ರಂಗದ ನಡುವೆ ಓಡಿದೆ. ಹಾರ್ಮೋನಿಯಂ ಎಡವಿದೆ. ರುಮಾಲು ಬಿಚ್ಚಿ ಮುಖದ ಮೇಲೆ ಜೋತುಬಿತ್ತು. ಕಚ್ಚೆ ಸಡಿಲಾಯಿತು. ಒಂದು ಕೈಯಲ್ಲಿ ಧೋತರ ಹಿಡಿದು ಒಂದು ಕೈಯಲ್ಲಿ ಬುವಾ ಅವರ ಕಾಲು ಹಿಡಿಯಲು ಹೋದರೆ ಸಿಕ್ಕಿದ್ದು ಭೀಮನ ಕಾಲು.

ಆಟದಲ್ಲಿ ಯಾರೇ ರಂಗಕ್ಕೆ ಬಂದರೂ ಯಾರು ನೀನು ಎಂದು ಕೇಳುವುದು ಪದ್ಧತಿ. ಭೀಮಶ್ಯಾ ಪದ್ಧತಿ ಬಿಡುವವನಲ್ಲ. ಗದೆ ಎತ್ತಿ ಗುಡುಗಿದ. “ಯಾರಲೇ ನೀನು?”

“ಹಂಗಾಮಿ ಮಾಸ್ತರ್ರೀ!” ಎಂದೆ. ಬೇರೆ ಏನು ಹೇಳಲಿ?

“ಯಾಕ ಹಿಂಗ ನಡಗಾಕತ್ತೀದಿ?”

“ನೌಕ್ರಿ ಹೋಗ್ತದ್ರೀ ಯಪ್ಪಾ!”

ಜನ ಹೋ ಎಂದರು. ನಾನು ಏಳಲು ಹೋಗಿ ಬಿದ್ದೆ. ಮತ್ತೆ ಹೋ ಎಂದರು. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು. ಮೂರೂ ಮೇಳದವರು ತಟ್ಟನೆ ನಿಂತರು, ಇಡೀ ಸಂಜೆ ಅವರೆಲ್ಲ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ. ಅಮೀನ್ ಸಾಹೇಬರು ನೇರ ಠಾಣೆಯ ಕಡೆ ಹೊರಟುಹೋದರು.

ಬೆಳಿಗ್ಗೆ ಠಾಣೆಯಿಂದ ಕರೆ ಬಂತು. ಒಗೆದ ಕೋಟು ತೊಟ್ಟು, ರುಮಾಲು ಬಿಗಿಯಾಗಿ ಸುತ್ತಿಕೊಂಡು ಹೊರಟೆ. ನೀಲವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. “ಹೋದ್ರ ಹೋಗ್ಲಿ ಬಿಡ್ರಿ, ನೀವು ಬರ್ರಿ ಸಾಕು,” ಎಂದಳು.

ಅಮೀನ್ ಸಾಹೇಬರು ಮೀಸೆ ತಿರುವುತ್ತ ಕೂತಿದ್ದರು. “ಮಾಸ್ಟರ್, ರಾತ್ರಿ ವೋ ಕಾಂಪ್ತಾ ಸೋ ಆದ್ಮಿ ಕೌನ್ ಥಾ? ಆ ನಡಗಾಂವ ಯಾವ ಮೇಳದಾಂವ?”

ನಾನು ರುಮಾಲು ಸರಿಪಡಿಸಿಕೊಂಡೆ.

“ಏನ್ ಅಸಲ್ ಪಾರ್ಟ್ ಮಾಡ್ತಾನ್ರೀ! ಅಂಥಾ ಪುಕ್ಕಲ ಖರೇನ ದುನಿಯಾದಾಗ ಇರ್ತಾನೇನು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಗದ್ದಲ ಗಿದ್ದಲ ಬಿಡ್ರಿ. ನಮ್ಮ ಮಗನ ಶಾದಿಗಿ ಆತನ್ನ ಕಳಸ್ರಿ.”

“ಕಳಸ್ತೇನ್ರಿ ಸಾಹೇಬ್ರ,” ಎಂದೆ ಗತ್ತಿನಿಂದ. ಧ್ವನಿ ಗಟ್ಟಿಯಾಗಿಯೇ ಇತ್ತು. ಮೊಣಕಾಲು ಮಾತ್ರ ಕೇಳಲಿಲ್ಲ, ಧೋತರದೊಳಗೆ ತಮ್ಮ ಪಾಡಿಗೆ ತಾವು ಶುರುವಾದವು. ಸಾಹೇಬರ ನಗು ನಿಂತಿತು. ಅವರ ದೃಷ್ಟಿ ಮೆಲ್ಲನೆ ಕೆಳಗಿಳಿಯಿತು. ಮೆಲ್ಲನೆ ಮೇಲೇರಿತು.

“ಅರೆ!” ಎಂದರು.

ಮುಂದಿನ ವರ್ಷ ನನ್ನ ನೌಕರಿ ಖಾಯಂ ಆಯಿತು. ಅಮೀನ್ ಸಾಹೇಬರೇ ಮೇಲಿನವರಿಗೆ ಒಂದು ಮಾತು ಹೇಳಿದರಂತೆ. ನನ್ನ ವಿದ್ವತ್ತನ್ನು ಕಂಡು ಹೇಳಿದರೆಂದು ನಾನು ಇಂದಿಗೂ ಎಲ್ಲರ ಮುಂದೆ ಸಾಧಿಸುತ್ತೇನೆ. ಮೊಣಕಾಲು ಕಂಡು ಎನ್ನುತ್ತಾಳೆ ನೀಲವ್ವ.